ಪ್ಲಗ್ ಕಿತ್ತಿಟ್ಟಿದ್ದ ರಿಸೀವರ್

ನಾನು ಓದಿದ್ದು ಏಳನೇ ಕ್ಲಾಸು. ಕಥೆ ಕಟ್ಟುವ ಬುದ್ಧಿ ನನಗಿಲ್ಲ. ಕಟ್ಟುವುದೇ ಆಗಿದ್ದರೆ ನನಗೆ ಒಳ್ಳೆಯ ಹೆಸರು ಬರುವ ಹಾಗೆ ಕಟ್ಟುತ್ತಿದ್ದೆ. ಇದರಲ್ಲಿ ಅಂಥದ್ದು ಏನೂ ಇಲ್ಲ. ಹೋದ ಬೇಸಿಗೆಯಲ್ಲಿ, ತೀರ್ಥಹಳ್ಳಿಯ ವಾಸಣ್ಣನ ಮನೆಯಲ್ಲಿ, ನನ್ನ ಈ ಎರಡು ಕಿವಿಯಲ್ಲಿ ಕೇಳಿದ್ದನ್ನು ಹೇಳುತ್ತಿದ್ದೇನೆ.

ಅದಕ್ಕೆ ಮೊದಲು ಅಣ್ಣನ ವಿಷಯ ಹೇಳಬೇಕು.

ನನ್ನಣ್ಣ ಗಣಪತಿ ಕಾರ್ಗಲ್ ಕಾಲೊನಿಯಲ್ಲಿ ಕರೆಂಟಿನ ಕೆಲಸದಲ್ಲಿದ್ದ. ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡಾಗ ಯಾರೂ ಕರೆಯದಿದ್ದರೂ ಬಂದು, ನನ್ನ ಟ್ರಂಕನ್ನು ತಾನೇ ಹೆಗಲ ಮೇಲೆ ಹೊತ್ತುಕೊಂಡು, ನಡಿ ಸುಮಿ ಎಂದವನು ಅವನು. ರಿಟೈರ್ ಆದ ಮೇಲೆ ಹೊಸನಗರದಲ್ಲಿ ಸಣ್ಣ ಮನೆ ಮಾಡಿದೆವು. ನಾನು ಒಂದು ಹೋಟೆಲಿಗೆ ಇಡ್ಲಿ, ಕಡುಬು ಮಾಡಿಕೊಡುತ್ತಿದ್ದೆ.

ಅವನ ಆಸ್ತಿ ಎಂದರೆ ಒಂದು ರಿಸೀವರ್. ಕಾಲೊನಿಯಲ್ಲಿದ್ದ ಇಂಜಿನಿಯರ್ ಒಬ್ಬರು ವರ್ಗವಾಗಿ ಹೋಗುವಾಗ ಕೆಟ್ಟಿದೆ ಎಂದು ಬಿಟ್ಟುಹೋಗಿದ್ದು. ಅಣ್ಣನ ಜೊತೆ ಕೆಲಸದಲ್ಲಿದ್ದ ವಾಸಣ್ಣ ಅದನ್ನು ಬಿಚ್ಚಿ ಸರಿಮಾಡಿಕೊಟ್ಟಿದ್ದ. ಮರದ ಪೆಟ್ಟಿಗೆ, ಬೆಳ್ಳಿ ಬಣ್ಣದ ಮುಖ, ಎಡಕ್ಕೆ ಬಲಕ್ಕೆ ಎರಡು ಸ್ಪೀಕರ್. ಹಚ್ಚಿದರೆ ಅಂಕಿಗಳ ಹಿಂದೆ ಹಳದಿ ಬೆಳಕು. ದೊಡ್ಡ ಗುಂಡಿ ತಿರುಗಿಸಿದರೆ ಕೆಂಪು ಮುಳ್ಳು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಸರಿಯುತ್ತಿತ್ತು. ಊರೆಲ್ಲ ರೇಡಿಯೋ ಎಂದರೂ ಅವನು ಮಾತ್ರ ರಿಸೀವರ್ ಎನ್ನುತ್ತಿದ್ದ.

ಗುಡ್ಡದ ನಡುವಿನ ಊರು. ಸ್ಟೇಷನ್ ಸುಮ್ಮನೆ ಸಿಗುವುದಿಲ್ಲ. ಕಿಟಕಿಯಿಂದ ಪೇರಲೆ ಮರಕ್ಕೆ ತಾಮ್ರದ ತಂತಿ ಎಳೆದಿದ್ದ. ಸಂಜೆ ನಾನು ಆ ತಂತಿ ಹಿಡಿದು ಕಿಟಕಿಯ ಹತ್ತಿರ ನಿಲ್ಲಬೇಕು, ಅವನು ಗುಂಡಿ ತಿರುಗಿಸಬೇಕು. ನಾನು ಹಿಡಿದರೆ ಹಾಡು ಸ್ಪಷ್ಟ, ಬಿಟ್ಟರೆ ಬರೀ ಸೊರ್... ಎಂಬ ಸದ್ದು.

"ಅಲ್ಲೇ ನಿಂತ್ಕ ಸುಮಿ, ಅಲುಗಾಡ್ಬೇಡ. ನೀನೇ ನನ್ನ ಟವರ್ರು," ಎನ್ನುತ್ತಿದ್ದ.

ಒಲೆ ಮೇಲಿನ ಸಾರು ಉಕ್ಕಿದರೂ ಬಿಡುತ್ತಿರಲಿಲ್ಲ. ನಾನು ಬೈಯುತ್ತಲೇ ನಿಂತಿರುತ್ತಿದ್ದೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾದರೆ ಬೈಯುವುದೂ ಮರೆತುಹೋಗುತ್ತಿತ್ತು.

ಆಮೇಲೆ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಉಳಿದದ್ದು ಎಡಗೈ ಒಂದು.

ರಾತ್ರಿ ಏನಾದರೂ ಬೇಕಾದರೆ ಕರೆಯುವುದು ಹೇಗೆ? ಮಂಚದ ಪಕ್ಕ ಒಂದು ಸ್ಟೀಲ್ ತಟ್ಟೆ, ಚಮಚ ಇಟ್ಟೆ. ಎರಡನೇ ದಿನವೇ ತಟ್ಟೆಯನ್ನು ಎಸೆದ. ಬಡಿದು ಕರೆಯುವುದು ಅವನಿಗೆ ಅವಮಾನ. ಆಮೇಲೆ ರಿಸೀವರನ್ನು ಸ್ಟೂಲಿನ ಮೇಲೆ ಅವನ ಎಡಗೈಗೆ ಎಟಕುವ ಹಾಗೆ ಇಟ್ಟೆ. ರಾತ್ರಿಯೆಲ್ಲ ಸಣ್ಣ ದನಿಯಲ್ಲಿ ಎಲ್ಲಿಯದೋ ದೂರದ ಸ್ಟೇಷನ್ ಹಾಡುತ್ತಿರುತ್ತಿತ್ತು. ಕತ್ತಲಾದ ಮೇಲೆ ಗೊತ್ತಿಲ್ಲದ ಭಾಷೆಗಳೂ ಬರುತ್ತವೆ.

ಒಂದು ರಾತ್ರಿ ಹಾಡು ನಿಂತು ಸೊರ್... ಎಂದಿತು. ನನಗೆ ಎಚ್ಚರವಾಯಿತು. ಹೋಗಿ ನೋಡಿದರೆ ಅಣ್ಣ ಮುಳ್ಳನ್ನು ಸ್ಟೇಷನ್ನಿನಿಂದ ಆಚೆ ಸರಿಸಿ ನನ್ನನ್ನೇ ನೋಡುತ್ತಿದ್ದ. ನೀರು ಬೇಕಿತ್ತು. ಕುಡಿಸಿದೆ. ಆಮೇಲೆ ಅವನೇ ಗುಂಡಿ ತಿರುಗಿಸಿ ಹಾಡು ತಂದ. ಕಣ್ಣಲ್ಲಿ ಸಣ್ಣ ನಗು.

ಅವತ್ತಿನಿಂದ ಅದೇ ನಮ್ಮ ಭಾಷೆ. ಸೊರ್ ಅಂದರೆ ಬಾ. ನಾನು ನನ್ನ ಕೋಣೆಯಿಂದ "ಬಂದೆ ಅಣ್ಣಾ" ಅನ್ನುತ್ತಿದ್ದೆ. ಕೇಳಿಸಿತು ಎಂದು ತಿಳಿಸಲು ಅವನು ಸೌಂಡು ಸ್ವಲ್ಪ ಇಳಿಸುತ್ತಿದ್ದ. ನಾನು ಹೋಗಿ ಕೆಲಸ ಮುಗಿಸಿದ ಮೇಲೆ ತಾನೇ ಸ್ಟೇಷನ್ ಹಚ್ಚುತ್ತಿದ್ದ. ಅದು ಸಾಕು, ಹೋಗಿ ಮಲಗು ಎಂದ ಹಾಗೆ. ಆ ಗುಂಡಿಯನ್ನು ನಾನು ಮುಟ್ಟಿದರೆ ಅವನಿಗೆ ಕೋಪ ಬರುತ್ತಿತ್ತು. ನನ್ನನ್ನು ಕಳಿಸಿಕೊಡುವುದು ಅವನ ಕೆಲಸ.

ಬರೆಯುವಾಗ ಇದೆಲ್ಲ ಚೆಂದ ಕಾಣುತ್ತದೆ. ಆದರೆ ರಾತ್ರಿಗೆ ಮೂರು ಸಲ, ನಾಲ್ಕು ಸಲ. ಮಗ್ಗುಲು ಬದಲಾಯಿಸಬೇಕು, ಬಟ್ಟೆ ಬದಲಾಯಿಸಬೇಕು. ಬೆಳಗಿನ ಜಾವ ಎದ್ದು ಇಡ್ಲಿ ಹಬೆಗೆ ಇಡಬೇಕು. ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು. ಕೆಲವು ಸಲ ಅವನು ಏನೂ ಬೇಕಿಲ್ಲದೆಯೂ ಕರೆಯುತ್ತಿದ್ದ. ಹೋಗಿ ನಿಂತರೆ ಸುಮ್ಮನೆ ಮುಖ ನೋಡುವುದು, ಹಾಡು ಹಚ್ಚುವುದು. ಒಂದು ಸಲ ರೇಗಿಬಿಟ್ಟೆ.

"ಸುಮ್‌ಸುಮ್ನೆ ಕರೀಬೇಡ ಅಣ್ಣಾ. ನಾನೂ ಮನುಷ್ಯಳೇ."

ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಹಾಡು ಹಚ್ಚಲಿಲ್ಲ. ನಾನೂ ಹಚ್ಚಲಿಲ್ಲ.

ಅದಾಗಿ ಕೆಲವು ದಿನಕ್ಕೆ ಆ ರಾತ್ರಿ ಬಂತು.

ಸೊರ್... ಎಂದಿತು. ನನಗೆ ಎಚ್ಚರವಾಯಿತು. ಇದನ್ನು ಸರಿಯಾಗಿ ಹೇಳಬೇಕು. ನಾನು ನಿದ್ದೆಯಲ್ಲಿರಲಿಲ್ಲ, ಪೂರ್ತಿ ಎಚ್ಚರವಾಗಿದ್ದೆ. "ಬಂದೆ ಅಣ್ಣಾ" ಎಂದೆ. ಸೌಂಡು ಇಳಿಯಿತು. ಅವನು ನಂಬಿದ.

ನಾನು ಏಳಲಿಲ್ಲ.

ಸುಮ್ಮನೆ ಕರೆದಿರುತ್ತಾನೆ ಎಂದುಕೊಂಡೆ. ಇನ್ನೊಂದು ಸಲ ಜೋರಾದರೆ ಏಳೋಣ ಎಂದುಕೊಂಡೆ. ಅದು ಜೋರಾಗಲಿಲ್ಲ. ಸಣ್ಣಗೆ, ತಾಳ್ಮೆಯಿಂದ, ಒಂದೇ ಸಮ ಸೊರ್... ಎನ್ನುತ್ತಲೇ ಇತ್ತು. ಆ ಸದ್ದಿನಲ್ಲೇ ನನಗೆ ನಿದ್ದೆ ಬಂತು.

ಬೆಳಗ್ಗೆ ಎದ್ದಾಗಲೂ ಅದೇ ಸದ್ದು. ಅಣ್ಣನ ಕೈ ಗುಂಡಿಯ ಮೇಲಿತ್ತು. ಮುಖ ಬಾಗಿಲ ಕಡೆಗಿತ್ತು. ಮೈ ತಣ್ಣಗಾಗಿತ್ತು.

ಆಗ ನಾನು ಮಾಡಿದ್ದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಅಳುವ ಮೊದಲು, ಯಾರನ್ನಾದರೂ ಕರೆಯುವ ಮೊದಲು, ಅವನ ಬೆರಳುಗಳನ್ನು ಬಿಡಿಸಿ ಗುಂಡಿ ತಿರುಗಿಸಿದೆ. ಬೆಳಗಿನ ಭಕ್ತಿಗೀತೆ ಬರುತ್ತಿತ್ತು. ಮುಳ್ಳನ್ನು ಅಲ್ಲಿ ನಿಲ್ಲಿಸಿದೆ. ಕೈಯನ್ನು ಎದೆಯ ಮೇಲಿಟ್ಟೆ. ಆಮೇಲೆ ಹೊರಗೆ ಹೋಗಿ ಪಕ್ಕದ ಮನೆಯ ಜಯಕ್ಕನನ್ನು ಕೂಗಿದೆ.

ಜಯಕ್ಕ ಬಂದವಳು ಹಾಡು ಕೇಳಿ ಕೈಮುಗಿದಳು. ಹಾಡು ಕೇಳುತ್ತಲೇ ನಿದ್ದೆಯಲ್ಲಿ ಹೋಗಿದ್ದಾನೆ ಎಂದು ನಾನೇ ಹೇಳಿದೆ. ಅದನ್ನು ಜಯಕ್ಕ ಹೇಳಿದಳು, ಕೇರಿಯವರೆಲ್ಲ ಹೇಳಿದರು. ಎಲ್ಲರಿಗಿಂತ ಹೆಚ್ಚು ಹೇಳಿದವನು ವಾಸಣ್ಣ. ತಾನು ಸರಿಮಾಡಿಕೊಟ್ಟ ರಿಸೀವರಿನಲ್ಲಿ ಹಾಡು ಕೇಳುತ್ತಾ ಗೆಳೆಯ ಹೋದ ಎಂದು ಮಗುವಿನ ಹಾಗೆ ಅತ್ತ. ಹದಿಮೂರನೇ ದಿನದ ಊಟ ಮುಗಿದ ಮೇಲೆ ಅವನಿಗೇ ರಿಸೀವರ್ ಕೊಟ್ಟುಬಿಟ್ಟೆ. ನೆನಪಿಗೆ ಇಟ್ಟುಕೋ ಎಂದೆ. ನಿಜವಾಗಿ ನನಗೆ ಅದರ ಮುಖ ನೋಡಲು ಆಗುತ್ತಿರಲಿಲ್ಲ.

ವರ್ಷವಾಗುತ್ತಾ ಬಂತು. ವರ್ಷದ ಎಡೆಗೆ ಕರೆಯಲು ನಾನು ತೀರ್ಥಹಳ್ಳಿಗೆ ಹೋದೆ. ವಾಸಣ್ಣನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಈಗ ರೇಡಿಯೋ ತರುವವರಿಲ್ಲ. ಮಿಕ್ಸಿ, ಗ್ರೈಂಡರ್ ರಿಪೇರಿ. ಅಂಗಡಿಯ ಹಿಂದೆಯೇ ಮನೆ.

ಅವನನ್ನು ನೋಡಿ ಗಾಬರಿಯಾಯಿತು. ಅರ್ಧ ಆಗಿಹೋಗಿದ್ದ. ಹಾರ್ಟಿನ ತೊಂದರೆ, ಮುಂದಿನ ವಾರ ಮಂಗಳೂರಿನಲ್ಲಿ ಆಪರೇಷನ್ ಎಂದು ಅವನ ಹೆಂಡತಿ ಲಲಿತಕ್ಕ ಅಡುಗೆ ಮನೆಯಲ್ಲಿ ಪಿಸುಗುಟ್ಟಿದಳು. ಹಗಲು ತಮಾಷೆ ಮಾಡುತ್ತಾನೆ, ರಾತ್ರಿ ಹೆದರುತ್ತಾನೆ ಎಂದಳು.

ಹೊಸನಗರದ ಕೊನೆಯ ಬಸ್ಸು ಅವತ್ತು ಬರಲೇ ಇಲ್ಲ. ಉಳಿಯಬೇಕಾಯಿತು. ಮುಂದಿನ ಕೋಣೆಯ ದಿವಾನದ ಮೇಲೆ ಹಾಸಿದರು. ಎದುರಿಗೇ ಕಪಾಟಿನ ಮೇಲೆ ಅಣ್ಣನ ರಿಸೀವರ್. ನಾನು ಅಡುಗೆ ಮನೆಯಲ್ಲೇ ಮಲಗುತ್ತೇನೆ ಎಂದೆ.

"ಅಲ್ಲೆಂತ ಇಲಿ ಜೊತೆ ಮಲಗ್ತೀಯಾ ಮಾರಾಯ್ತಿ? ಫ್ಯಾನ್ ಇರೋದು ಇಲ್ಲೇ," ಎಂದು ಲಲಿತಕ್ಕ ನಕ್ಕಳು.

ಊಟವಾದ ಮೇಲೆ ವಾಸಣ್ಣ ರಿಸೀವರ್ ಹಚ್ಚಿದ. ಹಳದಿ ಬೆಳಕು ಬಂತು. ಒಂದೊಂದೇ ಸ್ಟೇಷನ್ ದಾಟಿಸಿದ. ಸುದ್ದಿ, ಸೊರ್, ತಮಿಳು ಹಾಡು, ಸೊರ್, ಯಾರೋ ನಗುವುದು, ಸೊರ್... ಪ್ರತಿ ಸೊರ್‌ಗೂ ನಾನು ಏಳಲು ಹೋಗಿ ಮತ್ತೆ ಕುಳಿತೆ. ಒಂದು ಹಳೆಯ ಕನ್ನಡ ಹಾಡಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿ ಕುಳಿತ.

"ಸುಮಿತ್ರಾ, ಆಪರೇಷನ್ ಅಂದ್ರೆ ನಂಗೆ ಹೆದ್ರಿಕೆ. ಆದ್ರೆ ಗಣಪಣ್ಣನ್ನ ನೆನೆಸ್ಕಂತೀನಿ ನೋಡು, ಎದೆ ಹಗುರ ಆಗತ್ತೆ. ಹಾಡು ಕೇಳ್ತಾ ಹೋಗ್ಬಿಟ್ಟ. ಹೋಗೋದು ಅಂದ್ರೆ ಅಷ್ಟೇ ಅಲ್ವಾ?"

ನಾನು ಹೂಂ ಎಂದೆ. ನನ್ನ ಸುಳ್ಳಿನ ಮೇಲೆ ಒಬ್ಬ ಮನುಷ್ಯ ಧೈರ್ಯ ಕಟ್ಟಿಕೊಂಡು ಕೂತಿದ್ದ.

ಬೇಸಿಗೆಯ ಕೊನೆ. ಸಂಜೆಯಿಂದ ಆಗುಂಬೆಯ ಕಡೆ ಮಿಂಚುತ್ತಿತ್ತು. ನಮ್ಮ ಕಡೆ ಸಿಡಿಲಿಗೆ ಹೆದರಿ ಮಲಗುವ ಮೊದಲು ಟೀವಿ, ರೇಡಿಯೋ ಎಲ್ಲದರ ಪ್ಲಗ್ ಕಿತ್ತಿಡುತ್ತಾರೆ. ವಾಸಣ್ಣ ರಿಸೀವರ್ ಆರಿಸಿ ಪ್ಲಗ್ ಕಿತ್ತು ನೆಲದ ಮೇಲೆ ಬಿಟ್ಟ. ಏರಿಯಲ್ ತಂತಿಯನ್ನೂ ಬಿಚ್ಚಿ ಕಿಟಕಿಯ ಹೊರಗೆ ಹಾಕಿದ. ನಾನು ಕಣ್ಣಾರೆ ನೋಡಿದೆ.

ಆಮೇಲೆ ದೀಪ ಆರಿತು. ಫ್ಯಾನಿನ ಸದ್ದು... ಬಸ್‌ಸ್ಟ್ಯಾಂಡಿನಲ್ಲಿ ಒಂದು ನಾಯಿ... ಸುಸ್ತಾಗಿತ್ತು, ನಿದ್ದೆ ಬಂತು.

ಎಚ್ಚರವಾದಾಗ ಕರೆಂಟು ಹೋಗಿತ್ತು. ಫ್ಯಾನು ನಿಂತಿತ್ತು. ಸೆಕೆ. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮೂಗಿಗೆ ಒಂದು ವಾಸನೆ ಬಂತು. ಎಳ್ಳೆಣ್ಣೆ, ಕರ್ಪೂರ, ಬೇರು ಕುದಿಸಿದ ವಾಸನೆ. ದಿನಾ ಸಂಜೆ ಅಣ್ಣನ ಕೈಕಾಲಿಗೆ ನಾನು ತಿಕ್ಕುತ್ತಿದ್ದ ತೈಲ.

ಆಮೇಲೆ ಆ ಸದ್ದು.

ಸೊರ್...

ಮಳೆ ಶುರುವಾಯಿತು ಎಂದುಕೊಂಡೆ. ಕಿಟಕಿಯ ಆಚೆ ನಕ್ಷತ್ರ ಕಾಣುತ್ತಿತ್ತು. ತುಂಗೆಯ ಸದ್ದಿರಬೇಕು ಎಂದುಕೊಂಡೆ. ಆ ಬೇಸಿಗೆಯಲ್ಲಿ ಹೊಳೆಯಲ್ಲಿ ಬಂಡೆ ಬಿಟ್ಟರೆ ಏನೂ ಇರಲಿಲ್ಲ. ಯಾವುದೋ ನಲ್ಲಿ ಬಿಟ್ಟಿದ್ದಾರೆ ಎಂದುಕೊಂಡೆ. ಆದರೆ ಸದ್ದು ಕಪಾಟಿನ ಮೇಲಿಂದ ಬರುತ್ತಿತ್ತು. ಎಡಕ್ಕೆ ಒಂದು, ಬಲಕ್ಕೆ ಒಂದು. ಎರಡು ಸ್ಪೀಕರಿನಿಂದ.

ಅರೆನಿದ್ದೆಯಲ್ಲಿ, ಯೋಚನೆಯೇ ಇಲ್ಲದೆ, ನನ್ನ ಬಾಯಿಂದ ಮಾತು ಹೊರಟುಬಿಟ್ಟಿತು.

"ಬಂದೆ ಅಣ್ಣಾ..."

ಸದ್ದು ಇಳಿಯಿತು.

ಅಷ್ಟೇ. ನಿಲ್ಲಲಿಲ್ಲ. ಸ್ವಲ್ಪ ಸಣ್ಣಗಾಯಿತು. ಕೇಳಿಸಿತು ಎಂದು ಹೇಳುವ ಹಾಗೆ.

ಕತ್ತಲಲ್ಲಿ ಅದು ಕಾಯುತ್ತಿತ್ತು. ಸಣ್ಣಗೆ, ತಾಳ್ಮೆಯಿಂದ, ಒಂದೇ ಸಮ... ಹೋದ ವರ್ಷ ಕಾದ ಹಾಗೆಯೇ.

ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಆಗಲೂ ನನಗೆ ಮೊದಲು ಅನಿಸಿದ್ದು ಹೆದರಿಕೆಯಲ್ಲ, ದಣಿವು. ಅದೇ ಹಳೆಯ ದಣಿವು. ಇನ್ನು ಸ್ವಲ್ಪ ಹೊತ್ತು ಹೀಗೇ ಮಲಗಿದ್ದರೆ ತಾನೇ ನಿಲ್ಲಬಹುದು ಎಂದು. ಒಂದು ಕ್ಷಣ ಕಣ್ಣನ್ನೂ ಮುಚ್ಚಿದೆ.

ಆಮೇಲೆ ಎದ್ದೆ. ಮೊಬೈಲಿನ ಟಾರ್ಚ್ ಹಚ್ಚಿದೆ. ಪ್ಲಗ್ ನೆಲದ ಮೇಲೆ ಬಿದ್ದಿತ್ತು, ಬಿಟ್ಟಲ್ಲೇ. ಏರಿಯಲ್ ತಂತಿ ಕಿಟಕಿಯ ಹೊರಗಿತ್ತು. ರಿಸೀವರಿನ ಮುಖ ಕಪ್ಪಗಿತ್ತು, ಒಂದು ಚೂರು ಬೆಳಕಿಲ್ಲ. ಒಳಗಿನಿಂದ ಸದ್ದು ಬರುತ್ತಲೇ ಇತ್ತು. ರಾತ್ರಿ ಹಾಡಿನ ಮೇಲೆ ನಿಲ್ಲಿಸಿದ್ದ ಕೆಂಪು ಮುಳ್ಳು ಆಚೆ ಸರಿದಿತ್ತು. ಅಂಕಿಗಳ ನಡುವೆ, ಯಾವ ಸ್ಟೇಷನ್ನೂ ಇಲ್ಲದ ಜಾಗದಲ್ಲಿ.

ಗುಂಡಿಯ ಹತ್ತಿರ ಕೈ ಒಯ್ದೆ. ತೈಲದ ವಾಸನೆ ಗಾಢವಾಯಿತು. ಕೈ ಹಿಂದೆ ತೆಗೆದೆ. ಅದನ್ನು ನಾನು ತಿರುಗಿಸಬಾರದು. ಒಂದು ಸಲ ತಿರುಗಿಸಿ ಆಗಿತ್ತು.

ನೆಲದ ಮೇಲೆ ಕುಳಿತೆ. ಅವನಾಗಿ ಹಾಡು ಹಚ್ಚಲಿ, ಸಾಕು ಹೋಗಿ ಮಲಗು ಎನ್ನಲಿ ಎಂದು ಕಾದೆ. ಹಚ್ಚಲಿಲ್ಲ. ಸೊರ್... ಸೊರ್... ಆ ಸದ್ದಿನ ಒಳಗೆ ಯಾರೋ ಉಸಿರು ಹಿಡಿದು ಕೂತಂತೆ.

"ಅವತ್ತು ನಂಗೆ ಎಚ್ಚರ ಇತ್ತು ಅಣ್ಣಾ," ಎಂದೆ. "ಬಂದೆ ಅಂದೆ, ಬರ್ಲಿಲ್ಲ. ಬೇಕು ಅಂತ್ಲೇ ಬರ್ಲಿಲ್ಲ. ಬೆಳಗ್ಗೆ ನಾನೇ ಹಾಡು ಹಚ್ಚಿದ್ದು."

ಆಗ ಹಿಂದಿನಿಂದ ಒಂದು ಬೆಳಕು ಬಿತ್ತು. ಸದ್ದು ನಿಂತಿತು. ಕತ್ತರಿಸಿದ ಹಾಗೆ.

ಟಾರ್ಚ್ ಹಿಡಿದು ವಾಸಣ್ಣ ಬಾಗಿಲಲ್ಲಿ ನಿಂತಿದ್ದ.

"ಎಂತ ಸುಮಿತ್ರಾ, ಈ ಹೊತ್ತಿಗೆ ಹಾಡು ಹಚ್ಕಂಡು ಕೂತಿದೀಯಲ್ಲ," ಎಂದ ಮೆಲ್ಲಗೆ. "ನಿದ್ದೆ ಬರ್ಲಿಲ್ವಾ?"

ನನಗೆ ಅರ್ಥವಾಗಲಿಲ್ಲ. ಯಾವ ಹಾಡು ಎಂದು ಕೇಳಿದೆ.

"ಭಕ್ತಿಗೀತೆ ಬರ್ತಿತ್ತಲ್ಲ, ಸಣ್ಣಕ್ಕೆ. ಅದನ್ನ ಕೇಳೇ ನಂಗೆ ಎಚ್ಚರ ಆಗಿದ್ದು. ಒಂದ್ ಹಾಡು ಪೂರ್ತಿ ಕೇಳ್ತಾ ಮಲಗಿದ್ದೆ."

ನಾನು ಮೊಬೈಲಿನ ಟಾರ್ಚನ್ನು ನೆಲದ ಕಡೆ ತಿರುಗಿಸಿದೆ. ಅವನು ಪ್ಲಗ್ ನೋಡಿದ. ಕಿಟಕಿ ನೋಡಿದ. ತಲೆ ಎತ್ತಿ, ನಿಂತುಹೋಗಿದ್ದ ಫ್ಯಾನನ್ನು ನೋಡಿದ. ಜೀವನವಿಡೀ ಕರೆಂಟಿನ ಕೆಲಸ ಮಾಡಿದ ಮನುಷ್ಯ. ಮೆಲ್ಲಗೆ ದಿವಾನದ ಮೇಲೆ ಕುಳಿತುಬಿಟ್ಟ.

ಇನ್ನು ಮುಚ್ಚಿಡಲು ಆಗಲಿಲ್ಲ. ಎಲ್ಲ ಹೇಳಿದೆ. ಸೊರ್ ಅಂದರೆ ಏನು, ಬಂದೆ ಎಂದದ್ದು, ಏಳದೆ ಇದ್ದದ್ದು, ಬೆರಳು ಬಿಡಿಸಿದ್ದು, ಗುಂಡಿ ತಿರುಗಿಸಿದ್ದು. ಮುಂದಿನ ವಾರ ಎದೆ ಕೊಯ್ಯಿಸಿಕೊಳ್ಳುವವನ ಹತ್ತಿರ ಹೇಳುವ ಮಾತಲ್ಲ ಎಂದು ಗೊತ್ತಿತ್ತು. ಆದರೂ ಹೇಳಿದೆ.

ಅವನು ಬೈಯಲಿ ಎಂದು ಕಾದೆ.

"ಒಂದು ಹೇಳು," ಎಂದ ಕೊನೆಗೆ. "ನೀನು ಬಂದೆ ಅಂದಿದ್ದು ಅವನಿಗೆ ಕೇಳಿಸ್ತಾ?"

"ಕೇಳಿಸ್ತು. ಸೌಂಡು ಇಳಿಸ್ದ."

"ಹಂಗಾದ್ರೆ ನೀನು ಬರ್ತೀಯ ಅಂತ್ಲೇ ತಿಳ್ಕಂಡು ಹೋಗಿದಾನೆ."

ಸಮಾಧಾನಕ್ಕೆ ಹೇಳಿದನೋ, ಅದಕ್ಕಿಂತ ದೊಡ್ಡ ಬೈಗುಳ ಇಲ್ಲ ಎಂದು ಹೇಳಿದನೋ, ನನಗೆ ಇವತ್ತಿಗೂ ತಿಳಿದಿಲ್ಲ.

ಬೆಳಗ್ಗೆ ಲಲಿತಕ್ಕ ಕಾಫಿ ಕೊಡುವ ಹೊತ್ತಿಗೆ ಅವನು ರಿಸೀವರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ರಟ್ಟಿನ ಡಬ್ಬಿಗೆ ಹಾಕಿ, ಹಗ್ಗ ಕಟ್ಟಿ ಇಟ್ಟಿದ್ದ. ಬಸ್ಸಿನವರೆಗೆ ಅಂಗಡಿಯ ಹುಡುಗರ ಕೈಲಿ ಹೊರಿಸಿದ. ಇದು ನಿನ್ನ ಹತ್ತಿರವೇ ಇರಲಿ ಎಂದಷ್ಟೇ ಹೇಳಿದ. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಕೆಳಗಿಡಮ್ಮಾ ಎಂದರೂ ಇಡಲಿಲ್ಲ.

ವಾಸಣ್ಣನ ಆಪರೇಷನ್ ಆಯಿತು. ಚೆನ್ನಾಗಿದ್ದಾನೆ. ಫೋನ್ ಮಾಡಿದಾಗ ಮಿಕ್ಸಿಯ ವಿಷಯ, ಮಾತ್ರೆಯ ವಿಷಯ ಮಾತಾಡುತ್ತಾನೆ. ಗಣಪಣ್ಣ ಹಾಡು ಕೇಳುತ್ತಾ ಹೋದ ಎನ್ನುವ ಮಾತನ್ನು ಮಾತ್ರ ಈಗ ಯಾರಿಗೂ ಹೇಳುವುದಿಲ್ಲವಂತೆ. ಲಲಿತಕ್ಕ ಹೇಳಿದಳು.

ರಿಸೀವರ್ ಈಗ ಹೊಸನಗರದ ಮನೆಯಲ್ಲಿ, ಅದೇ ಸ್ಟೂಲಿನ ಮೇಲೆ, ಅಣ್ಣನ ಖಾಲಿ ಮಂಚದ ಪಕ್ಕ ಇದೆ. ಪ್ಲಗ್ ಹಾಕಿಲ್ಲ. ಪೇರಲೆ ಮರದ ತಂತಿ ಯಾವಾಗಲೋ ತುಂಡಾಗಿದೆ. ಸದ್ದಿನ ವಿಷಯದಲ್ಲಿ ನಾನು ಕೆಟ್ಟುಹೋಗಿದ್ದೇನೆ. ನಲ್ಲಿಯಲ್ಲಿ ನೀರು ಬಂದರೂ, ಇಡ್ಲಿ ಪಾತ್ರೆಯಿಂದ ಹಬೆ ಹೊರಟರೂ ಕಿವಿ ನಿಗುರುತ್ತದೆ. ರಾತ್ರಿ ಕೆಲವು ಸಲ ನಿಜವಾಗಿಯೂ ಆ ಕೋಣೆಯಿಂದ ಸೊರ್... ಎನ್ನುತ್ತದೆ. ಈಗ ನಾನು ಬಂದೆ ಎನ್ನುವುದಿಲ್ಲ. ಎದ್ದು ಹೋಗುತ್ತೇನೆ. ಕತ್ತಲಲ್ಲಿ ಮಂಚದ ಪಕ್ಕ ನಿಲ್ಲುತ್ತೇನೆ. ಹಾಡು ಬರಲಿ ಎಂದು ಕಾಯುತ್ತೇನೆ. ನಿಂತು ನಿಂತು ಕಾಲು ಸೋತು ಬಂದು ಮಲಗುತ್ತೇನೆ.

ಮೊನ್ನೆ ಜಯಕ್ಕ ಬೇಲಿಯ ಆಚೆಯಿಂದ ಬಟ್ಟೆ ಹಿಂಡುತ್ತಾ ಹೇಳಿದಳು. "ಸುಮಿತ್ರಕ್ಕ, ರಾತ್ರಿ ಹಾಡು ಹಚ್ಕಂಡು ಮಲಗ್ತೀಯಲ್ಲ, ಹಂಗೇ ಹಚ್ಚು. ಆರಿಸ್ಬೇಡ. ನಂಗೆ ಅದನ್ನ ಕೇಳ್ತಾ ಎಷ್ಟು ಚೆಂದ ನಿದ್ದೆ ಬರತ್ತೆ ಗೊತ್ತಾ."

ಹೂಂ ಎಂದೆ.

ನನಗೆ ಮಾತ್ರ ಇನ್ನೂ ಒಂದು ಹಾಡೂ ಕೇಳಿಸಿಲ್ಲ.